ಗುಬ್ಬಿಗಿಟ್ಟ ನೀರು

ಏಳು ಮಾಳಿಗೆ ಹತ್ತಿ ಬಂದ ಹನುಮವ್ವ ತಲೆಯ ಮೇಲಿನ ಇಟ್ಟಿಗೆ ಚೂರಿನ ಬುಟ್ಟಿ ಇಳಿಸಿ, ಮೊಣಕಾಲು ಹಿಡಿದುಕೊಂಡು ನಿಂತಳು. ಬೆಳಗಿನಿಂದ ಅದು ಹದಿನಾಲ್ಕನೆಯ ಸಲ. ಬಿಲ್ಡಿಂಗಿಗೆ ಲಿಫ್ಟ್ ಇತ್ತು. ಕೂಲಿಯವರಿಗೆ ಅಲ್ಲ ಎಂಬ ಬೋರ್ಡೂ ಇತ್ತು. ಓದಲು ಬಾರದವರಿಗೆ ವಾಚ್‌ಮನ್ ಅದನ್ನು ಗದರಿಸಿ ಓದಿ ಹೇಳುತ್ತಿದ್ದ. ಮೂರನೆಯ ಮಾಳಿಗೆಯವರ ನಾಯಿ ಮಾತ್ರ ದಿನಕ್ಕೆರಡು ಸಲ ಅದರಲ್ಲೇ ಇಳಿದು, ಗೇಟಿನ ಕಂಬಕ್ಕೆ ಕಾಲೆತ್ತಿ, ಅದರಲ್ಲೇ ಗತ್ತಿನಿಂದ ಮೇಲೆ ಹೋಗುತ್ತಿತ್ತು.

ಮೇ ತಿಂಗಳ ಕೊನೆ. ಮುಂಬಯಿಯ ಸಾಂತಾಕ್ರೂಜ್‌ನ ಆ ಹಳೆಯ ಸೊಸೈಟಿಯ ಟೆರೇಸು ಪ್ರತಿ ಮಳೆಗಾಲವೂ ಸೋರುತ್ತಿತ್ತು. ಹಳೆಯ ಗಾರೆಯನ್ನೆಲ್ಲ ಒಡೆದು ಕೆಳಗಿಳಿಸಬೇಕು. ಹೊಸದಾಗಿ ಇಟ್ಟಿಗೆ ಚೂರು, ಸಿಮೆಂಟು ಹಾಸಬೇಕು. ಕರಾವಳಿಯಲ್ಲಿ ವಾರವಿಡೀ ಬಿಸಿಲು, ಒಣಹವೆ ಎಂದು ಹವಾಮಾನದವರು ಹೇಳಿದ್ದೇ ತಡ, ಮುಕಾದಮ ಗುರುಪಾದ ಹಿಗ್ಗಿ ಹೀರೇಕಾಯಿಯಾದ.

"ಆಕಾಶದಾಗ ಒಂದ ಮೋಡ ಇಲ್ಲ ನೋಡ್ರಿ. ಇದs ವಾರದಾಗ ಮುಗಸೂನು. ಮಧ್ಯಾಹ್ನ ಹತ್ತs ಮಿನಿಟು ಊಟಕ್ಕ," ಎಂದ. ವಿಜಯಪುರದ ಇಂಡಿ ಕಡೆಯಿಂದ ಹನುಮವ್ವನಂಥ ಒಂಬತ್ತು ಜನರನ್ನು ಕರೆತಂದು ದುಡಿಸುತ್ತಿದ್ದವನು ಅವನೇ. ಅವನು ಹೇಳಿದ್ದೆಲ್ಲ ನೀರಿನ ಟಾಕಿಯ ನೆರಳಲ್ಲಿ ನಿಂತು.

ಆ ಟಾಕಿಗೆ ಬೀಗ. ಕುಡಿಯಬೇಕೆಂದರೆ ಕೆಳಗೆ ಗೇಟಿನ ನಲ್ಲಿಗೇ ಹೋಗಬೇಕು. ಏಳು ಮಾಳಿಗೆ ಇಳಿದು ಕುಡಿದ ನೀರು ಏಳು ಮಾಳಿಗೆ ಹತ್ತುವಷ್ಟರಲ್ಲಿ ಬೆವರಾಗಿ ಹೋಗುತ್ತಿತ್ತು.

"ಒಂದ ಕ್ಯಾನ್ ನೀರ ಮ್ಯಾಲ ತರಸೋ ಯಪ್ಪಾ," ಎಂದು ಸೋಮವ್ವ ಗುರುಪಾದನನ್ನು ಕೇಳಿದ್ದಳು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ಆಕೆ.

"ಕ್ಯಾನ್ ಹೊರಾಕ ಒಬ್ರು ಹೋದ್ರ ಬುಟ್ಟಿ ಯಾರು ಹೊರ್ತಾರ ಬೇ?"

ಟೆರೇಸಿನ ಕಟ್ಟೆಯ ಮೇಲೆ ಮಾತ್ರ ಸಾಲಾಗಿ ಎಂಟು ಪಿಂಗಾಣಿ ಬಟ್ಟಲುಗಳಿದ್ದವು. ಸೊಸೈಟಿಯ ಸೆಕ್ರೆಟರಿ ಸುಪ್ರಜಾ ಮೇಡಂ ಇಡಿಸಿದ್ದು. ಮೈಸೂರಿನವರು, ಬಹಳ ಮೃದು ಮನಸ್ಸು. ದಿನಾ ಹನ್ನೊಂದಕ್ಕೆ ಅವರ ಮನೆಯ ಕೆಲಸದವಳು ಫ್ರಿಜ್ಜಿನ ನೀರು ತಂದು ಬಟ್ಟಲು ತುಂಬುತ್ತಿದ್ದಳು. ಮೇಡಂ ಕೊಡೆ ಹಿಡಿದು ಬಂದು ಫೋಟೋ ತೆಗೆಯುತ್ತಿದ್ದರು. "ಪಾಪ, ಈ ಬಿಸಿಲಲ್ಲಿ ಬಾಯಿಲ್ಲದ ಜೀವಗಳು," ಎನ್ನುತ್ತಿದ್ದರು. ಬಾಯಿದ್ದವರು ಆ ಹೊತ್ತಿಗೆ ಫೋಟೋದಲ್ಲಿ ಬೀಳದಂತೆ ಸರಿದು ನಿಲ್ಲಬೇಕಿತ್ತು.

ಬುಧವಾರ ಮಧ್ಯಾಹ್ನ ಸೋಮವ್ವ ಬುಟ್ಟಿ ಸಮೇತ ಬಿದ್ದಳು. ಮೈ ಕೆಂಡ. ಬೆವರು ಬತ್ತಿಹೋಗಿತ್ತು. ತುಟಿ ಅಲುಗಿದರೂ ಮಾತು ಬರಲಿಲ್ಲ. ಹನುಮವ್ವ ಹಿಂದೆ ಮುಂದೆ ನೋಡದೆ ಒಂದು ಬಟ್ಟಲೆತ್ತಿ ಆಕೆಯ ತಲೆಗೆ ಸುರಿದಳು. ಇನ್ನೊಂದರಲ್ಲಿ ಸೆರಗು ಅದ್ದಿ ಎದೆ, ಕುತ್ತಿಗೆ ಒರೆಸಿದಳು. ಬಾಯಿಗೂ ಹನಿ ಹನಿ ಹಿಂಡಿದಳು.

ನಾಲ್ಕು ಜನ ಎತ್ತಿಕೊಂಡು ಲಿಫ್ಟಿನ ಬಳಿ ಬಂದರು. ಗದ್ದಲ ಕೇಳಿ ಮೇಲೆ ಬಂದ ವಾಚ್‌ಮನ್ ಸೊಸೈಟಿ ಆಫೀಸಿಗೆ ಫೋನ್ ಮಾಡಿ ಕೇಳಿದ. ಆ ಕಡೆಯಿಂದ ಏನು ಹೇಳಿದರೋ, ತಲೆ ತಗ್ಗಿಸಿ ಮೆಟ್ಟಿಲು ತೋರಿಸಿದ. ಸೋಮವ್ವನನ್ನು ಗೋಣಿಚೀಲದ ಮೇಲೆ ಮಲಗಿಸಿ ಏಳು ಮಾಳಿಗೆ ಇಳಿಸಿದರು. ರಿಕ್ಷಾದಲ್ಲಿ ಹಾಕಿ ಸರಕಾರಿ ದವಾಖಾನೆಗೆ ಒಯ್ದರು. ಇನ್ನೂ ಅರ್ಧ ಗಂಟೆ ಮೊದಲು ತಂದಿದ್ದರೆ ಎಂದು ಡಾಕ್ಟರು ಶುರುಮಾಡಿದ ಮಾತನ್ನು ಪೂರ್ತಿ ಮಾಡಲಿಲ್ಲ. ಕತ್ತಲಾಗುವ ಮುಂಚೆ ಸೋಮವ್ವ ಹೋಗಿಬಿಟ್ಟಳು.

ಗುರುವಾರ ಬೆಳಿಗ್ಗೆ ಸುಪ್ರಜಾ ಮೇಡಂ ತಾವೇ ಟೆರೇಸಿಗೆ ಬಂದರು. ಕೈಯಲ್ಲಿ ಮೊಬೈಲು. ಅದರಲ್ಲಿ ಟೆರೇಸಿನ ಸಿಸಿಟಿವಿ ಕ್ಯಾಮೆರಾ ಹಿಡಿದ ನಿನ್ನೆಯ ಚಿತ್ರ. ಹನುಮವ್ವ ಬಟ್ಟಲೆತ್ತುತ್ತಿರುವುದು.

"ಇದು ನೀನೇ ತಾನೆ? ಹಕ್ಕಿಗಳಿಗೆ ಇಟ್ಟಿರೋ ನೀರನ್ನ ಹೀಗಾ ಚೆಲ್ಲೋದು? ಒಂದು ಬಟ್ಟಲು ಬೇರೆ ಒಡೆದಿದೆ. ಸೊಸೈಟಿ ವಾಟ್ಸಾಪ್ ಗ್ರೂಪ್‌ನಲ್ಲಿ ಎಲ್ಲರೂ ನನ್ನನ್ನ ಕೇಳ್ತಿದಾರೆ."

"ಸೋಮವ್ವ ಸತ್ಲ್ರಿ, ಬಾಯಾರ," ಎಂದಳು ಹನುಮವ್ವ.

ಮೇಡಂ ಮೊಬೈಲು ಆರಿಸಿದರು. "ಅಯ್ಯೋ, ಛೇ. ಬಿಪಿ ಇತ್ತೇನೋ. ಇವರೆಲ್ಲ ಚೆಕ್ ಮಾಡಿಸ್ಕೊಳ್ಳೋದೇ ಇಲ್ಲ." ಆಮೇಲೆ ಗುರುಪಾದನ ಕಡೆ ತಿರುಗಿದರು. "ಈಗ ನೋಡಿದ್ರೆ ಭಾನುವಾರ ಮಳೆ ಅಂತಿದಾರೆ. ಅಷ್ಟರಲ್ಲಿ ಮುಗಿಯುತ್ತೆ ಅಲ್ವಾ?"

"ಮುಗೀತೈತ್ರಿ ಮೇಡಂ. ಆಕಿ ಬದಲಿ ಒಬ್ಬಾಕಿನ್ನ ಕರಸೀನಿ."

ನಿಜ. ಬದಲಿ ಹೆಣ್ಣು ಸೇವಂತಿ ಆಗಲೇ ಸೋಮವ್ವನ ಬುಟ್ಟಿ ಹಿಡಿದು ನಿಂತಿದ್ದಳು. ಹೆಣ ಇನ್ನೂ ದವಾಖಾನೆಯಲ್ಲೇ ಇತ್ತು.

ಹನುಮವ್ವ ಸೇವಂತಿಯ ಕೈಯಿಂದ ಆ ಬುಟ್ಟಿ ತೆಗೆದು ನೆಲಕ್ಕೆ ಬೋರಲು ಹಾಕಿದಳು. "ಇದನ್ನ ಹೊತ್ತಾಕಿ ಸತ್ತಾಳ ತಂಗಿ. ತಿಳಕೊಂಡು ಹೊರು," ಎಂದಷ್ಟೇ ಹೇಳಿ ಮೆಟ್ಟಿಲು ಇಳಿಯತೊಡಗಿದಳು. ಸೇವಂತಿ ಬುಟ್ಟಿಯನ್ನು ನೋಡಿದಳು, ಮೇಡಂ ಅವರನ್ನು ನೋಡಿದಳು, ಹನುಮವ್ವನ ಹಿಂದೆ ನಡೆದಳು. ಗಾರೆ ಒಡೆಯುತ್ತಿದ್ದ ಕಾಶಪ್ಪ ಸುತ್ತಿಗೆ ಕೆಳಗಿಟ್ಟ. ಉಳಿದವರೂ ಒಬ್ಬೊಬ್ಬರಾಗಿ ಇಳಿದರು.

"ಏ, ಕೆಲಸ ಅರ್ಧಕ್ಕ ಬಿಟ್ಟು ಎಲ್ಲಿ ಹೊಂಟ್ರಿ? ಟೆರೇಸ್ ಪೂರಾ ಒಡದೈತಿ!" ಗುರುಪಾದ ಮೇಲಿನಿಂದ ಕೂಗಿದ.

"ಸೋಮವ್ವನ್ನ ಮಣ್ಣ ಮಾಡಾಕ," ಎಂದು ಕಾಶಪ್ಪ ತಿರುಗಿ ನೋಡದೆಯೇ ಹೇಳಿದ.

ಶುಕ್ರವಾರ ಯಾರೂ ಬರಲಿಲ್ಲ. ಶನಿವಾರ ಬೆಳಿಗ್ಗೆ ಸ್ಟೇಷನ್ ಹತ್ತಿರದ ನಾಕಾದಲ್ಲಿ, ಕೆಲಸಕ್ಕಾಗಿ ಕಾಯುವ ನೂರಾರು ಜನರ ಮುಂದೆ ಗುರುಪಾದ ಟೆಂಪೊ ನಿಲ್ಲಿಸಿ ಕರೆದ. ಹಿಂದಿಯಲ್ಲಿ ಕರೆದ, ಮರಾಠಿಯಲ್ಲಿ ಕರೆದ. ಬೇರೆ ದಿನವಾದರೆ ಟೆಂಪೊ ಹತ್ತಲು ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ಜನ. ಇವತ್ತು ಕೂತಲ್ಲೇ ಕೂತಿದ್ದರು. ಹನುಮವ್ವ, ಸೇವಂತಿ ಎರಡು ದಿನದಿಂದ ಗುಂಪು ಗುಂಪಿಗೂ ಹೋಗಿ ಆ ಬಿಲ್ಡಿಂಗಿನ ಕಥೆ ಹೇಳಿದ್ದರು.

ಕೊನೆಗೆ ಸುಪ್ರಜಾ ಮೇಡಮ್ಮೇ ಕಾರಿನಿಂದಿಳಿದು ಬಂದರು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಅವರು ಹತ್ತು ಹೆಜ್ಜೆಗೊಮ್ಮೆ ಆ ಕಡೆ ನೋಡುತ್ತಿದ್ದರು.

"ನೋಡಮ್ಮಾ, ಆಗಿದ್ದು ಆಗೋಯ್ತು. ಲಿಫ್ಟ್ ಬೇಕಾ, ತಗೊಳ್ಳಿ. ನೀರೂ ಇಡಿಸ್ತೀನಿ. ಎಷ್ಟಾದ್ರೂ ನಾವೂ ನೀವೂ ಕನ್ನಡದವರೇ ಅಲ್ವಾ? ನನ್ನ ಮಾತು ಅರ್ಥ ಆಗ್ತಿದೆ ತಾನೆ?"

"ಆತ್ರಿ ಬಾಯಾರ, ಚಲೋ ಅರ್ಥ ಆತು," ಎಂದು ಹನುಮವ್ವ ಎದ್ದು ನಿಂತಳು. ನಾಕಾದ ಜನರೆಲ್ಲ ಕಿವಿಗೊಟ್ಟರು. "ನಾವು ಬರಂಗಿಲ್ಲ. ಇದೂ ಕನ್ನಡ ಐತಿ. ನಿಮಗ ಅರ್ಥ ಆತಿಲ್ಲೊ?"