ಒಂದು ಹಿಡಿ ಭತ್ತ

ನನ್ನ ಹೆಸರು ಮೂಕಪ್ಪ. ಹೆಸರಿಟ್ಟವರಿಗೆ ನನ್ನ ಬಾಯಿಯ ಅಂದಾಜು ಇರಲಿಲ್ಲ. ನ್ಯಾಮತಿಯ ಕುಂಬಾರ ಕೇರಿಯಲ್ಲಿ ಮೊದಲು ಇಂಗ್ಲಿಷ್ ಕಲಿತವನು ನಾನು, ಮೊದಲು ಸರ್ಕಾರಿ ಕೆಲಸ ಹಿಡಿದವನೂ ನಾನೇ. ಜಗಳೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಕೇರಿಯಲ್ಲಿ ಯಾರಿಗೆ ಅರ್ಜಿ ಬರೆಯಬೇಕಾದರೂ ನಾನು ರಜೆಗೆ ಬರುವುದನ್ನೇ ಕಾಯುತ್ತಿದ್ದರು. ನಾನೂ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ದೊಡ್ಡ ಅಮಲ್ದಾರನ ಹಾಗೆ ಜಗಲಿಯ ಮೇಲೆ ಕೂರುತ್ತಿದ್ದೆ. ತಂಗಿಯ ಕತೆ ಹೇಳಲು ಹೊರಟು ನನ್ನ ಬಗ್ಗೆ ಕೊರೆಯುತ್ತಿದ್ದೇನೆ ಅಂತ ನಿಮಗೆ ಅನ್ನಿಸಬಹುದು. ಅವಳ ಕತೆ ಕೆಟ್ಟದ್ದು ಈ ಜಂಬದಿಂದಲೇ, ಅದಕ್ಕೆ ಮೊದಲು ಅದನ್ನು ಹೇಳಿದೆ.

ತಂಗಿ ಹುಲಿಗೆಮ್ಮ, ಮನೆಯಲ್ಲಿ ಎಲ್ಲರ ಬಾಯಲ್ಲಿ ಹುಲಿಗೆ, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಮ್ಮಲ್ಲಿ ಹೆಂಗಸರು ಮಣ್ಣು ತುಳಿಯಬಹುದು, ಹಸಿ ಮಡಕೆಯನ್ನು ಹಲಗೆಯಿಂದ ತಟ್ಟಿ ಹಿಗ್ಗಿಸಬಹುದು, ಮಡಕೆ ಸುಡುವ ಆವಿಗೆಗೆ ಸೌದೆ ಹೊತ್ತು ತರಬಹುದು. ಮಡಕೆ ಎತ್ತುವ ಚಕ್ರವಾದ ತಿಗರಿಯನ್ನು ಮಾತ್ರ ಮುಟ್ಟುವಂತಿಲ್ಲ, ಅದು ಗಂಡಸರದ್ದು. ಹುಲಿಗೆ ಚಿಕ್ಕಂದಿನಲ್ಲಿ ಒಮ್ಮೆ ತಿಗರಿಯ ಮೇಲೆ ಕೈಯಿಟ್ಟದ್ದಕ್ಕೆ ಅಪ್ಪ ಬಾರಿಸಿದ್ದ. ಆಮೇಲೆ ಅವಳ ಚಿತ್ರಗಳು ದಾವಣಗೆರೆಯ ಡ್ರಾಯಿಂಗ್ ಮೇಷ್ಟ್ರೊಬ್ಬರ ಕಣ್ಣಿಗೆ ಬಿದ್ದು, ಅವರ ಓಡಾಟದಿಂದ ಸ್ಕಾಲರ್‌ಶಿಪ್ ಸಿಕ್ಕಿ, ಬರೋಡಾಕ್ಕೆ ಸೆರಾಮಿಕ್ಸ್ ಓದಲು ಹೋದಳು. ಮಡಕೆ ಮಾಡುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ಕತ್ತೆ ಕಾಯುವುದನ್ನೂ ಕಾಲೇಜಿನಲ್ಲಿ ಹೇಳಿಕೊಡುತ್ತಾರಾ ಅಂತ ಕೇರಿ ನಕ್ಕಿತು. ಅವಳು ಅಲ್ಲಿ ಮೊದಲ ವಾರವೇ ತಿಗರಿಯ ಮುಂದೆ ಕೂತಳಂತೆ. ಹಾಗಂತ ಬರೆದ ಕಾಗದವನ್ನು ನಾನು ಮನೆಯಲ್ಲಿ ಓದುವಾಗ ಆ ಸಾಲು ಬಿಟ್ಟು ಓದಿದೆ.

ಎಂಬತ್ತೊಂದರ ದೀಪಾವಳಿಗೆ ಅವಳು ಎರಡು ಕವರು ಹಿಡಿದುಕೊಂಡು ಬಂದಳು. ಓದು ಮುಗಿಯಲು ಆರು ತಿಂಗಳಿತ್ತು. ಮುಂದೆ ಹೊರದೇಶದಲ್ಲಿ ಕಲಿಯಲು ಎರಡು ದಾರಿ ತೆರೆದಿದ್ದವು, ಒಂದನ್ನು ಆರಿಸಿಕೊಳ್ಳಬೇಕಿತ್ತು.

ಮೊದಲನೆಯದು ಇಂಗ್ಲೆಂಡಿನ ಕಾಲೇಜು. ಒಂದು ವರ್ಷ. ಸೀಟು ಆಗಲೇ ಖಾತ್ರಿ, ಖರ್ಚೆಲ್ಲ ಅವರದೇ. ಕಪ್ಪು, ಸಾಸರು, ಅಚ್ಚು, ಮಷೀನು, ಪಿಂಗಾಣಿ ಕಾರ್ಖಾನೆಯ ಕೆಲಸ. ವಾಪಸ್ಸು ಬಂದರೆ ಇಲ್ಲಿಯ ಯಾವ ಕಾರ್ಖಾನೆಯಾದರೂ ಕರೆದು ಕೆಲಸ ಕೊಡುತ್ತದೆ. ಆದರೆ ನವೆಂಬರ್ ಮುಗಿಯುವುದರೊಳಗೆ ಒಪ್ಪಿಗೆ ಕಳಿಸಬೇಕು, ಒಪ್ಪಿದ ಮೇಲೆ ಬೇರೆ ಕಡೆ ಅರ್ಜಿ ಹಾಕುವಂತಿಲ್ಲ. ಎರಡನೆಯದು ಜಪಾನಿನ ಒಂದು ಹಳ್ಳಿಯ ಕುಂಬಾರಶಾಲೆ. ಎರಡು ವರ್ಷ, ಸೌದೆಯ ಆವಿಗೆ, ಹೊಳಪಿನ ಲೇಪ ಹಚ್ಚುವುದಿಲ್ಲ. ಹೊರದೇಶದವರಿಗೆ ಇರುವುದು ನಾಲ್ಕೇ ಜಾಗ. ಅವರು ಮಾರ್ಕ್ಸ್ ಕಾರ್ಡು ಕೇಳುವುದಿಲ್ಲ, ಸಂದರ್ಶನ ಮಾಡುವುದಿಲ್ಲ. ಕೈಯಾರೆ ಮಾಡಿದ ಒಂದು ಮಡಕೆ ಕಳಿಸಬೇಕು, ಅದನ್ನು ನೋಡಿ ಹೇಳುತ್ತಾರೆ.

ನಾನು ಇಂಗ್ಲೆಂಡು ಅಂದೆ. ಕೈಯಲ್ಲಿರುವುದನ್ನು ಬಿಟ್ಟು ಗಾಳಿ ಗುದ್ದಿ ಮೈ ನೋಯಿಸಿಕೊಳ್ಳಬೇಡ ಅಂತ ಬುದ್ಧಿ ಹೇಳಿದೆ. ಎರಡು ದಿನ ಅವಳು ಎರಡೂ ಕವರನ್ನು ಮಣೆಯ ಮೇಲಿಟ್ಟುಕೊಂಡು ಒಂದಾದ ಮೇಲೊಂದು ಓದುವಳು, ಮಡಿಸುವಳು, ಮತ್ತೆ ಬಿಚ್ಚುವಳು. ಮೂರನೆಯ ದಿನ ಜಪಾನಿನ ಪುಸ್ತಿಕೆಯಲ್ಲಿದ್ದ ಒಂದು ಫೋಟೋ ತೋರಿಸಿದಳು. ಹೊಟ್ಟೆಯ ಮೇಲೆ ಬೂದಿ ಅಂಟಿ, ಒಂದು ಮಗ್ಗುಲು ಕಪ್ಪಾಗಿದ್ದ ಮಡಕೆ. ಅಂಥದ್ದನ್ನು ನಮ್ಮಪ್ಪ ಸಂತೆಗೆ ಒಯ್ಯುವುದೇ ಇಲ್ಲ, ಕೋಳಿಗೆ ನೀರಿಡಲು ಕೊಡುತ್ತಾನೆ.

"ನಾವು ತಿಪ್ಪೆಗೆ ಹಾಕಾದನ್ನ ಅವ್ರು ಮುಂದಿಟ್ಟು ನೋಡ್ತಾರಣ್ಣ" ಅಂದಳು. "ಇಂಗ್ಲೆಂಡಿನೋರಿಗೆ ನನ್ನ ಸರ್ಟಿಫಿಕೇಟು ಬೇಕು. ಇವ್ರಿಗೆ ನನ್ನ ಕೈ ಹೆಂಗೈತೆ ಅಂತ ನೋಡ್ಬೇಕು. ನಂಗೂ ಅದು ತಿಳೀಬೇಕು."

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಇಂಗ್ಲೆಂಡಿಗೆ ಬೇಡವೆಂದು ಕಾಗದ ಬರೆದವನು ನಾನೇ, ಅವಳು ಹೇಳಿದ ಹಾಗೆ. ಒಳ್ಳೆಯ ಇಂಗ್ಲಿಷಿನಲ್ಲಿಯೇ ಬರೆದೆ.

ಮಡಕೆಯನ್ನು ಮನೆಯ ಮಣ್ಣಿನಲ್ಲಿ, ಮನೆಯ ಆವಿಗೆಯಲ್ಲೇ ಮಾಡುತ್ತೇನೆ ಅಂತ ಹಟ ಹಿಡಿದಳು. ಅಪ್ಪ ಬಂಗಾರಪ್ಪ ಒಪ್ಪಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಬುಧವಾರ ಬೆಳಿಗ್ಗೆ ಗಾಡಿ ಕಟ್ಟಿ, ತಾನು ಹೊನ್ನಾಳಿಗೆ ಹೋಗಿ ಬರುತ್ತೇನೆ, ಬರುವುದು ಸಂಜೆಯಾಗುತ್ತದೆ, ಮನೆಯಲ್ಲಿ ಯಾರು ಏನು ಮಾಡುತ್ತಾರೋ ತನಗೆ ಗೊತ್ತಿಲ್ಲ ಅಂತ ಗೋಡೆಗೆ ಹೇಳಿ ಹೊರಟ. ಅವತ್ತು ಹೊನ್ನಾಳಿಯಲ್ಲಿ ಸಂತೆಯೂ ಇರಲಿಲ್ಲ. ಹುಲಿಗೆ ಬಾಗಿಲು ಹಾಕಿಕೊಂಡು ತಿಗರಿಗೆ ಕೂತಳು. ಹದಿನಾಲ್ಕು ಮಡಕೆ ಎತ್ತಿದಳು, ಹದಿಮೂರನ್ನು ಮತ್ತೆ ಮಣ್ಣು ಮಾಡಿದಳು. ಉಳಿದ ಒಂದನ್ನು ಮೂರು ದಿನ ನೆರಳಲ್ಲಿ ಒಣಗಿಸುತ್ತಾ ತಟ್ಟಿದಳು. ಆವಿಗೆಯಿಂದ ಅದು ಹೊರಬಂದಾಗ ಅಪ್ಪ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳಿ, ಅದನ್ನು ತಾನೇ ಎತ್ತಿ ಒಳಗಿಟ್ಟ. ಅಪ್ಪನಿಂದ ಅದಕ್ಕಿಂತ ದೊಡ್ಡ ಮೆಚ್ಚುಗೆ ನಮಗೆ ಯಾರಿಗೂ ಸಿಕ್ಕಿಲ್ಲ.

ಪೆಟ್ಟಿಗೆ ಕಟ್ಟುವ ಜವಾಬ್ದಾರಿ ನನ್ನದು. ಅವರು ಕಳಿಸಿದ್ದ ನಿಯಮದ ಹಾಳೆಯನ್ನು ಹಿಂದಿನ ದಿನ ಎಲ್ಲರೆದುರು ಕನ್ನಡದಲ್ಲಿ ಓದಿ ಹೇಳಿದ್ದೆ. ಹಸಿ ಮಣ್ಣು, ಹುಲ್ಲು, ಎಲೆ, ಕಾಳು ಯಾವುದೂ ಪೆಟ್ಟಿಗೆಯಲ್ಲಿ ಇರಕೂಡದು. ಇಲ್ಲವೆಂದು ಬರೆದು ರುಜು ಹಾಕಬೇಕು. ಅದಕ್ಕೇ ಹುಲಿಗೆ ಹುಲ್ಲು ಬಿಟ್ಟು ಹಳೆಯ ಸೀರೆ, ಪೇಪರು ಒಟ್ಟುಮಾಡಿದ್ದಳು. ಮಡಕೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಅವಳು ದಾರ ತರಲು ಅಂಗಡಿಗೆ ಹೋದಾಗ ಅವ್ವ ಒಳಗಿನಿಂದ ಬಂದಳು. ಸೆರಗಿನಲ್ಲಿ ಒಂದು ಹಿಡಿ ಭತ್ತವಿತ್ತು.

ನಮ್ಮ ಮನೆತನದ ಕಟ್ಟಳೆಯೊಂದಿದೆ. ಮಾರುವ ಮಡಕೆಯ ಮಾತು ಬೇರೆ. ಯಾರಿಗಾದರೂ ಪ್ರೀತಿಯಿಂದ ಕಳಿಸುವ ಮಡಕೆ ಬರಿದಾಗಿ ಹೊಸಿಲು ದಾಟಬಾರದು, ಒಂದು ಹಿಡಿ ಕಾಳಾದರೂ ಇರಬೇಕು. ಬರಿದಾಗಿ ಹೋಗುವುದು ಸಾವಿನ ಮನೆಗೆ ಕೊಡುವ ಮಡಕೆ ಮಾತ್ರ. ಅವ್ವ ಗಾದ್ರಮ್ಮ ಓದಿದವಳಲ್ಲ, ಆದರೆ ದಡ್ಡಿಯೂ ಅಲ್ಲ. ನಾನು ಓದಿ ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಮಡಕೆಯ ಬಾಯಿಗೆ ಕೈ ಒಯ್ದವಳು ಹಾಗೇ ನಿಂತು ನನ್ನ ಮುಖ ನೋಡಿದಳು.

"ಕಾಳು ಇರಬಾರ್ದು ಅಂತ ನೆನ್ನೆ ಓದಿದ್ಯಲ್ಲ ಮಗಾ. ಇದ್ರಿಂದ ಏನಾರ ಆಗ್ತೈತಾ? ಆಗಾದಾದ್ರೆ ಬ್ಯಾಡ."

"ಏನೂ ಆಗಲ್ಲವ್ವ, ಹಾಕು" ಅಂದೆ.

ಯಾಕೆ ಹಾಗಂದೆ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದು ಹಿಡಿ ಭತ್ತಕ್ಕೆ ಯಾವ ದೇಶ ಮುಳುಗುತ್ತದೆ ಅಂತ ಆಗ ಅನ್ನಿಸಿದ್ದು ನಿಜ. ಅದಕ್ಕಿಂತ ನಿಜವೆಂದರೆ, ಅವ್ವ ನನ್ನನ್ನು ದೊಡ್ಡ ಅಧಿಕಾರಿಯನ್ನು ಕೇಳುವ ಹಾಗೆ ಕೇಳಿದಳು, ನನಗೆ ದೊಡ್ಡ ಅಧಿಕಾರಿಯ ಹಾಗೆ ಅಪ್ಪಣೆ ಕೊಡಬೇಕೆನ್ನಿಸಿತು. ಮೊಳೆ ಹೊಡೆದೆ. ಪೆಟ್ಟಿಗೆಯಲ್ಲಿ ಮಡಕೆಯ ಹೊರತು ಏನೂ ಇಲ್ಲವೆಂದು ಇಂಗ್ಲಿಷಿನಲ್ಲಿ ಬರೆದು, ತಂಗಿಯ ಪರವಾಗಿ ನಾನೇ ರುಜು ಹಾಕಿದೆ. ನಮ್ಮ ಕೇರಿಯ ಕಾಗದಗಳು ಆಗಾಗ ದಾರಿ ತಪ್ಪುತ್ತಿದ್ದುದರಿಂದ ಉತ್ತರ ಬರಲು ಜಗಳೂರಿನ ನನ್ನ ಸ್ಕೂಲಿನ ವಿಳಾಸ ಕೊಟ್ಟೆ.

ಮಾರ್ಚಿನಲ್ಲಿ ಉತ್ತರ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಒಡೆದೆ, ಜಪಾನಿನ ಅಂಚೆಚೀಟಿ ನೋಡಲು ಮೂರು ಜನ ನಿಂತಿದ್ದರು. ಬಂದರಿನಲ್ಲಿ ತಪಾಸಣೆ ಮಾಡಿದವರಿಗೆ ಮಡಕೆಯೊಳಗೆ ಭತ್ತ ಸಿಕ್ಕಿತು. ಅಲ್ಲಿಯ ಕಾನೂನಿನ ಪ್ರಕಾರ ಪೆಟ್ಟಿಗೆಯನ್ನು ಇದ್ದ ಹಾಗೇ ನಾಶಮಾಡಿದ್ದಾರೆ. ಶಾಲೆಯವರು ಮಡಕೆಯನ್ನು ನೋಡಿಲ್ಲ. ಕಾಳಿಲ್ಲವೆಂದು ಸುಳ್ಳು ಬರೆದುಕೊಟ್ಟಿದ್ದು ವಿಷಾದದ ಸಂಗತಿ. ಆದರೂ ಮೇ ಮುಗಿಯುವುದರೊಳಗೆ ಇನ್ನೊಂದು ಮಡಕೆ ಕಳಿಸಿದರೆ ನೋಡುತ್ತೇವೆ, ಈ ಸಲ ವಿದ್ಯಾರ್ಥಿನಿಯೇ ರುಜು ಹಾಕಬೇಕು. ಕೊನೆಯಲ್ಲಿ ಬಹಳ ಮರ್ಯಾದೆಯ ಎರಡು ಸಾಲಿತ್ತು.

ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು ಏನಂತೆ ಅಂದರು. ಆಗಲಿಲ್ಲವಂತೆ ಅಂದೆ. ಒಮ್ಮೆ ಬಾಯಿಂದ ಬಿದ್ದದ್ದು ಅಲ್ಲಿಂದ ಬೆಳೆಯಿತು. ಬರೋಡಾಕ್ಕೆ ಬರೆದೆ, ಮಡಕೆ ನೋಡಿದರಂತೆ, ಸಾಲದು ಅಂದರಂತೆ. ಅವ್ವನ ಮೇಲೆ ಹುಲಿಗೆ ಬೆಂಕಿಯಾಗುತ್ತಾಳೆ, ಮುದುಕಿ ಕೊರಗುತ್ತಾಳೆ, ಅದಕ್ಕೇ ಈ ಸುಳ್ಳು ಅಂತ ನನಗೆ ನಾನೇ ಹೇಳಿಕೊಂಡೆ. ಇನ್ನೊಂದು ಮಡಕೆ ಮಾಡಲು ಎರಡು ತಿಂಗಳಿಗೂ ಹೆಚ್ಚು ಸಮಯವಿತ್ತು. ಅದನ್ನು ಹೇಳಬೇಕಾದರೆ ಮೊದಲನೆಯದಕ್ಕೆ ಏನಾಯಿತು, ಯಾರ ರುಜುವಿನಿಂದ ಆಯಿತು ಅಂತಲೂ ಹೇಳಬೇಕಿತ್ತು. ಮೇ ತಿಂಗಳು ಮುಗಿಯಿತು. ಕಾಗದವನ್ನು ಹರಿದು ಹಾಕಿದೆ.

ಹುಲಿಗೆ ಓದು ಮುಗಿಸಿ ಮನೆಗೆ ಬಂದಳು. ಒಂದು ವಾರ ತಿಗರಿಯ ಕಡೆ ತಿರುಗಿಯೂ ನೋಡಲಿಲ್ಲ. ಅವ್ವನಿಗೆ ಮಗಳ ಮುಖ ನೋಡಲಾಗಲಿಲ್ಲ. ಸಮಾಧಾನ ಮಾಡಲು ಅವಳಿಗೆ ಗೊತ್ತಿದ್ದ ಮಾತೇ ಅಷ್ಟು.

"ಹೋಗ್ಲಿ ಬಿಡು ಮಗಾ" ಅಂದಳು. "ಹೆಣ್ಣಿನ ಕೈಗೆ ತಿಗರಿ ಒಲಿಯಾಕಿಲ್ಲ ಅಂತ ಹಿರೇರು ಸುಮ್ನೆ ಹೇಳಿಲ್ಲ."

ಹುಲಿಗೆ ಊಟದ ತಟ್ಟೆಯಿಂದ ಎದ್ದಳು. ಅವತ್ತಿನಿಂದ ಅವ್ವನ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಕೂಗಾಟವಿಲ್ಲ, ಮಾತೇ ಇಲ್ಲ. ಚನ್ನಗಿರಿಯ ಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಹಿಡಿದು ಅಲ್ಲೇ ಕೋಣೆ ಮಾಡಿಕೊಂಡಳು. ಮಣ್ಣು ಮುಟ್ಟಲಿಲ್ಲ. ಹಬ್ಬಕ್ಕೆ ಬಂದರೆ ಅಪ್ಪನಿಗೆ ಧೋತ್ರ ತರುವಳು, ಅವ್ವನಿಗೆ ತಂದ ಸೀರೆಯನ್ನು ಮಂಚದ ಮೇಲಿಟ್ಟು ಹೋಗುವಳು. ಒಂದು ಸಲ ಅವ್ವ ನನ್ನನ್ನು ಹಿತ್ತಲಿಗೆ ಕರೆದು, ಆ ಭತ್ತದಿಂದಲೇ ಏನಾದರೂ ಆಯಿತೇನೋ ಅಂತ ಕೇಳಿದಳು. ಇಲ್ಲ ಅಂದೆ.

ಎಂಬತ್ತಾರರಲ್ಲಿ ಅವ್ವ ಮಲಗಿದಳು. ಹುಲಿಗೆ ಬಂದಳು, ನಾಲ್ಕು ದಿನ ಇದ್ದಳು. ಮೈ ಒರೆಸಿದಳು, ಗಂಜಿ ಕುಡಿಸಿದಳು, ಹಾಸಿಗೆ ಬದಲಾಯಿಸಿದಳು. ಗುಳಿಗೆ ಕೊಟ್ಟಾಯಿತಾ ಅಂತ ಕೇಳುವುದಿದ್ದರೂ ನನ್ನನ್ನು ಕೇಳುವಳು. ಐದನೆಯ ದಿನ ಬೆಳಿಗ್ಗೆ ಅವ್ವ ಹೋದಳು.

ಇದಾಗಿ ಎರಡು ವರ್ಷಕ್ಕೆ, ಎಂಬತ್ತೆಂಟರಲ್ಲಿ, ಹುಲಿಗೆಯ ಬರೋಡಾದ ಮೇಷ್ಟ್ರು ಅವಳನ್ನು ಮರೆಯದೆ ನ್ಯಾಮತಿಯ ಮನೆಗೆ ಒಂದು ಅರ್ಜಿ ಕಳಿಸಿದರು. ಕುಂಬಾರಿಕೆ ಬಲ್ಲ ಹೆಂಗಸರನ್ನು ಆರು ತಿಂಗಳು ಹೊರದೇಶಕ್ಕೆ ಕಳಿಸುತ್ತಾರೆ, ಅವರೇ ಹೆಸರು ಸೂಚಿಸಿಯಾಗಿತ್ತು, ಇವಳು ಹೂಂ ಅಂದರೆ ಸಾಕು. ಇವಳು ಉಹೂಂ ಅಂದಳು. ಅಪ್ಪ ನನ್ನನ್ನು ಅಟ್ಟಿದ. ಭಾನುವಾರ ಚನ್ನಗಿರಿಗೆ ಹೋಗಿ ಅವಳ ಕೋಣೆಯಲ್ಲಿ ಕೂತೆ, ಅರ್ಜಿಯನ್ನು ಮುಂದಿಟ್ಟೆ. ಅವಳು ಅದನ್ನು ಬಿಚ್ಚಲೂ ಇಲ್ಲ. ತಿಳಿದವರು ಒಂದು ಸಲ ತನ್ನ ಕೈ ನೋಡಿ ಸಾಲದು ಅಂದಾಗಿದೆ, ಮತ್ತೆ ಯಾಕೆ ತೋರಿಸಲಿ ಅಂದಳು.

ಸತ್ಯ ಹೇಳಿದರೆ ರುಜು ಹಾಕುತ್ತಾಳೆ ಅಂತ ನನಗನ್ನಿಸಿತು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡೇ ಬಾಯಿ ತೆರೆದೆ, ನಾಚಿಕೆಗೇಡು. ಶುರುಮಾಡಿದ್ದೂ ಅವ್ವನಿಂದಲೇ. ಅವ್ವ ಮಡಕೆಯೊಳಗೆ ಭತ್ತ ಹಾಕಿದ್ದಳು, ಅದಕ್ಕೇ ಅದನ್ನು ಅಲ್ಲಿ ನಾಶಮಾಡಿದರು, ಯಾರೂ ನೋಡಲೇ ಇಲ್ಲ, ಇನ್ನೊಂದು ಕಳಿಸಿ ಅಂದಿದ್ದರು. ಎಲ್ಲ ಹೇಳಿ ಮುಗಿಸಿದೆ. ಅವಳು ಗೋಡೆಗೆ ಒರಗಿ ಕೂತಿದ್ದಳು.

"ಯಾರೂ ನೋಡ್ಲಿಲ್ವಾ?"

"ಇಲ್ಲ."

"ನಾನು ಅದ್ರಾಗೆ ತಪ್ಪು ಹುಡುಕ್ತಾ ಇದ್ದೆ. ಕತ್ತು ಒಂದೀಟು ವಾಲಿತ್ತು ಅಂತ ಕೊನೀಗೆ ಖಾತ್ರಿ ಮಾಡ್ಕಂಡಿದ್ದೆ." ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ಕೂತಳು. "ಭತ್ತ ಹಾಕಾವಾಗ ಅವ್ವ ನಿನ್ನ ಕೇಳಿದ್ಲಾ?"

ಸುಳ್ಳು ಹೇಳಬಹುದಿತ್ತು. ಅಭ್ಯಾಸವೂ ಇತ್ತು. ಅವಳ ಕಣ್ಣು ನೋಡಿ ಆಗಲಿಲ್ಲ.

"ಕೇಳಿದ್ಲು."

"ನೀನೇನಂದೆ?"

"ಏನೂ ಆಗಲ್ಲ, ಹಾಕು ಅಂದೆ."

ಅವಳು ಅರ್ಜಿಯನ್ನು ಎತ್ತಿ ನನ್ನ ಚೀಲದೊಳಗೆ ಇಟ್ಟಳು. ನನ್ನ ಚಪ್ಪಲಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟಳು. ನಾನು ಎದ್ದೆ.

"ಮಡಕೆ ಹೋಗ್ಲಿ, ಜಪಾನೂ ಹೋಗ್ಲಿ" ಅಂದಳು. "ಆ ನಾಕು ದಿನ ಅವ್ವ ನನ್ನ ಮುಖಾನೇ ನೋಡ್ತಿದ್ಲು. ಒಂದ್ಸಲ ಅವ್ವಾ ಅನ್ನು ಅಂತ ನೋಡ್ತಿದ್ಲು. ನಾನು ಅನ್ನಲಿಲ್ಲ. ನೀನು ಅಲ್ಲೇ ಇದ್ಯಲ್ಲ."

ಹೌದು, ಅಲ್ಲೇ ಇದ್ದೆ. ಮಂಚದ ಕಾಲ ಬದಿಯಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದೆ. ಅವ್ವ ಅವಳನ್ನು ನೋಡುವುದನ್ನೂ ನೋಡಿದ್ದೆ, ಅವಳು ಮುಖ ತಿರುಗಿಸುವುದನ್ನೂ ನೋಡಿದ್ದೆ. ನಾಲ್ಕು ದಿನವಿತ್ತು. ಬಾಯಿ ಬಿಡಲಿಲ್ಲ.