ಒಂದೇ ಚಂದ್ರಿಕೆ

"ಅಮ್ಮನ್ನ ಕೆಳಗಿಳಸ್ರಿ," ಎಂದು ದುರ್ಗಾಂಬಿಕಾ ಚಟ್ಟದ ಗಳುವನ್ನು ಹಿಡಿದು ಜಗ್ಗಿದಳು. ಹೊತ್ತಿದ್ದ ನಾಲ್ವರೂ ಹಿಂದಕ್ಕೆ ವಾಲಿದರು. ಅವಳ ಸಿಟ್ಟಿಗೆ ಅವತ್ತು ಜಗಳೂರಿನಿಂದ ಚನ್ನಗಿರಿಯವರೆಗೆ ಒಲೆಯ ಮೇಲಿದ್ದ ಹಾಲೆಲ್ಲ ಒಡೆದಿರಬೇಕು. ತಮಟೆಯಂತೂ ತಾನಾಗಿ ನಿಂತಿತು.

ಸತ್ತವಳು ಅವಳ ತಾಯಿ ಗಾದ್ರಮ್ಮ, ನಲವತ್ತು ವರ್ಷ ರೇಷ್ಮೆಹುಳ ಸಾಕಿದವಳು. ಚಟ್ಟಕ್ಕೆ ಬಿದಿರು ಸಾಲದೆ, ಗಾದ್ರಮ್ಮನ ಅಣ್ಣ ಬೋರಣ್ಣ ಬಿಸಿಲಿಗಿಟ್ಟಿದ್ದ ಚಂದ್ರಿಕೆಗೇ ಎರಡು ಗಳು ಕಟ್ಟಿದ್ದ. ಆರಡಿ ಉದ್ದದ ತಟ್ಟಿ, ಮೇಲೆ ಸುತ್ತುಸುತ್ತಾಗಿ ಬಿದಿರ ದಬ್ಬೆ. ಹಣ್ಣಾದ ಹುಳ ಗೂಡು ಕಟ್ಟುವುದು ಅದರಲ್ಲೇ. ಅಳತೆ ಕೊಟ್ಟು ಮಾಡಿಸಿದಂತೆ ಹೆಣ ಹಿಡಿಸಿತ್ತು.

"ಸಾವಿರ ಹುಳ ಇವತ್ತು ಹಣ್ಣಾಗ್ಯಾವೆ ಮಾವ. ಇರೋದು ಇದೊಂದೇ ಚಂದ್ರಿಕೆ."

"ಮೂರು ದಿನ ಕಳೀಲಿ. ಸೂತಕದಾಗೆ ಹುಳದ ಮನೆ ಬಾಗ್ಲು ತೆಗಿಯಂಗಿಲ್ಲ." ಬೀಗ ಹಾಕಿದ ಕೀಲಿ ಅವನ ಸೊಂಟದಲ್ಲೇ ಇತ್ತು.

"ಮೂರು ದಿನಕ್ಕೆ ನೂಲೆಲ್ಲ ಕಸದ ಪಾಲು. ಕೆಮ್ಮಿಕೊಂತ, ತೆವಳಿಕೊಂತ ಸೊಪ್ಪು ಹಾಕ್ಯಾಳೆ ಇವಳು. ನೀನು ಒಂದು ಎಲೆ ಕೊಯ್ದೀಯಾ?"

"ಹೆಣದ ಮುಂದೆ ಹುಳದ ಮಾತೇನೇ ತಾಯಿ," ಎಂದಳು ಪಕ್ಕದ ಮನೆಯ ಚೌಡಕ್ಕ.

"ಈ ಹೆಣ ಬದುಕಿದ್ದಾಗ್ಲೂ ಅದನ್ನೇ ಮಾತಾಡ್ತಿತ್ತು ಚೌಡಕ್ಕ."

*

ಹೊನ್ನಾಳಿಯ ಮೇಷ್ಟ್ರು ಶಿವಮೂರ್ತಪ್ಪ ಪಾಠಕ್ಕೆಂದು ವರ್ಷವರ್ಷ ಗಾದ್ರಮ್ಮನ ಹತ್ತಿರ ಹುಳ ಒಯ್ಯುತ್ತಿದ್ದರು. ಸೀಳಿದ ಹುಳದಿಂದ ರೇಷ್ಮೆಗ್ರಂಥಿಯನ್ನು ಹರಿಯದಂತೆ ತೆಗೆಯುವುದು ಅವರ ಕೈಗೆ ಒಲಿಯಲಿಲ್ಲ. ಗಾದ್ರಮ್ಮ ಶಾವಿಗೆ ಎಳೆ ಎತ್ತಿದಂತೆ ಎತ್ತಿಡುತ್ತಿದ್ದಳು. ಅಂಥ ಬೆರಳು ಏಳು ರಾಜ್ಯ ಹುಡುಕಿದರೂ ಇನ್ನೆರಡು ಸಿಗುತ್ತಿರಲಿಲ್ಲ.

"ಕರುಳು, ಚರ್ಮ, ಈ ಗ್ರಂಥಿ, ಎಲ್ಲದರೊಳಗೂ ಇರೋ ಜೀನು ಅವೇ ಗಾದ್ರಮ್ಮ."

"ಹಂಗಾರೆ ಕರುಳು ಯಾಕೆ ನೂಲಲ್ಲ?"

"ನೂಲಿನ ಜೀನು ಅಲ್ಲಿ ಬಾಯಿ ಮುಚ್ಚಿಕೊಂಡಿರ್ತೈತೆ. ಗ್ರಂಥಿಯೊಳಗೆ ಮಾತ್ರ, ಅದೂ ಕಡೇ ವಾರದಾಗೆ, ಗಂಟಲು ಬಿಚ್ತೈತೆ."

ಗಾದ್ರಮ್ಮ ಬೆರಳೊರೆಸಿಕೊಂಡು ಮಗಳತ್ತ ನೋಡಿದಳು. "ನಮ್ಮಣ್ಣನ ಮುಂದೆ ನಾನು ಇದ್ದಂಗೆ ಅನ್ನು. ಕಡೇ ವಾರ ಬರ್ಲಿ, ನೋಡಾನ."

*

ತನ್ನ ಕಡೆಯ ವಾರವೂ ಗಾದ್ರಮ್ಮ ಬಾಯಿ ಬಿಡಲಿಲ್ಲ.

"ಬಾಯಿ ಮುಚ್ಚು," ಎಂದ ಬೋರಣ್ಣ, ಚಟ್ಟದ ಗಳು ಬಿಡದ ದುರ್ಗಾಂಬಿಕಾಳಿಗೆ.

"ಅಮ್ಮ ಮುಚ್ಚಿದ್ದು ಸಾಕು."

ದುರ್ಗಾಂಬಿಕಾ ಹಾರೆ ತಂದಳು. ಮೂರೇ ಮೀಟು. ಹುಳದ ಮನೆಯ ಬಾಗಿಲು, ಬೀಗದ ಸಮೇತ, ಚೌಕಟ್ಟು ಬಿಟ್ಟು ಅಂಗಳಕ್ಕೆ ಬಿತ್ತು. ಆ ಸದ್ದಿಗೆ ನ್ಯಾಮತಿಯ ಕಾಗೆಗಳೂ ಎದ್ದವಂತೆ.

"ತಗೊ ಮಾವ. ಬಾಗ್ಲು ತೆಗೀಲಿಲ್ಲ, ಕಿತ್ತೆ. ಇದರ ಮೇಲೆ ಒಯ್ಯಿರಿ ನನ್ನವ್ವನ್ನ."

ಮಾಲೆ ಹಿಡಿದು ಬಂದಿದ್ದ ಶಿವಮೂರ್ತಪ್ಪ ಮಾಲೆ ಕೆಳಗಿಟ್ಟು ಬಾಗಿಲಿನ ಒಂದು ಮೂಲೆಗೆ ಕೈ ಹಾಕಿದರು. ಮೆಲ್ಲಗೆ ಉಳಿದವರೂ ಬಂದರು.

ಮಣ್ಣು ಮಾಡಿ ಹಿಂದಿರುಗಿದ ಬೋರಣ್ಣ, ಕೀಲಿ ಸೊಂಟದಲ್ಲೇ ಇಟ್ಟುಕೊಂಡು, ಬಾಗಿಲಿಲ್ಲದ ಚೌಕಟ್ಟಿನೆದುರು ನಿಂತ. ಒಳಗೆ ದುರ್ಗಾಂಬಿಕಾ ಕಡೆಯ ಹಿಡಿ ಹುಳ ಬಿಡುತ್ತಿದ್ದಳು; ತಿರುಗಿ ನೋಡಲಿಲ್ಲ. ಗೋಡೆಗೊರಗಿದ ಚಂದ್ರಿಕೆಯಲ್ಲಿ, ತಂಗಿಯ ತಲೆಯಿದ್ದ ಕಡೆ, ಚೆಂಡುಹೂವಿನ ಎಸಳೊಂದು ದಬ್ಬೆಗೆ ಸಿಕ್ಕಿಕೊಂಡಿತ್ತು. ಹುಳವೊಂದು ತಲೆಯಾಡಿಸುತ್ತ ಆ ಎಸಳಿಗೇ ಮೊದಲ ಎಳೆ ಸುತ್ತುತ್ತಿತ್ತು.