ದಾಳ ನಿಲ್ಲುವ ಮೊದಲೇ

ತಮ್ಮ ತೀರಿಕೊಂಡ ಮೇಲೆ ಅವನ ಮೂವರು ಗೆಳೆಯರು ಇನ್ನು ಅಂಗಡಿಯ ಕಡೆ ತಲೆಹಾಕುವುದಿಲ್ಲ ಎಂಬ ಭಯ ಅಕ್ಕನಿಗೆ ಹಿಡಿಯಿತು. ಅವಳ ಹೊಲಿಗೆ ಅಂಗಡಿಗೆ ಅವರು ಬರುತ್ತಿದ್ದುದು ಭಾನುವಾರದ ಆಟಕ್ಕೆ. ಆಟ ನಡೆಸುವವನೇ ಹೋದ ಮೇಲೆ ಯಾಕೆ ಬಂದಾರು? ಅವರೂ ಬಾರದಿದ್ದರೆ ತಮ್ಮನ ಹೆಸರೆತ್ತಲು ಅವಳ ಜೊತೆ ಇನ್ಯಾರೂ ಇರಲಿಲ್ಲ. ಹಾಗಾಗಿ ಸಾವಿನ ಮನೆಗೆ ಮಾತಾಡಿಸಲು ಬಂದ ಆ ಮೂವರ ಮುಂದೆ, ಹಿಂದೆಮುಂದೆ ನೋಡದೆ, "ಆಟ ನಾನೇ ನಡೆಸ್ತೀನಿ" ಎಂದುಬಿಟ್ಟಳು.

ಅವಳಿಗೆ ಆ ಆಟದ ಗಂಧಗಾಳಿಯೂ ಇರಲಿಲ್ಲ. ಇಷ್ಟು ವರ್ಷ ಮೂಲೆಯಲ್ಲಿ ಪ್ಯಾಂಟಿನ ಅಂಚು ಮಡಿಸುತ್ತಾ, "ಕತ್ತೆ ವಯಸ್ಸಾದ್ರೂ ರಾಕ್ಷಸರ ಹುಚ್ಚು ಬಿಡ್ಲಿಲ್ವಲ್ಲ" ಎಂದು ಬೈದದ್ದಷ್ಟೇ. ಆದರೆ ಕಿವಿ ಸುಮ್ಮನಿರುತ್ತದೆಯೇ? ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಎಲ್ಲರೂ ಕೂರುತ್ತಾರೆ. ಒಬ್ಬರು ಕತೆ ಹೇಳಬೇಕು, ಉಳಿದವರು ಕತೆಯೊಳಗೆ ಹೊಕ್ಕು ತಾವೇನು ಮಾಡುತ್ತೇವೆಂದು ಹೇಳಬೇಕು, ಅದು ಆಯಿತೋ ಕೆಟ್ಟಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳಬೇಕು. ದಿನವಿಡೀ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಟೀಚರಮ್ಮ ಅಲ್ಲಿ ಕೋಟೆ ಹಾರುವ ಕಳ್ಳಿ. ಇರುವೆಗೂ ದಾರಿ ಬಿಡುವ ಔಷಧಿ ಅಂಗಡಿಯವನು ಕೊಡಲಿ ಹಿಡಿದ ವೀರ. ಬಸ್ ಡ್ರೈವರ್ ಮಂತ್ರವಾದಿ.

ಮಿಕ್ಕ ಪಾತ್ರಗಳಿಗೆಲ್ಲ ದನಿ ಕೊಡುವುದು ಆಟ ನಡೆಸುವವರ ಪಾಲು. ತಮ್ಮ ಕಟ್ಟಿದ ಪಾತ್ರಗಳಲ್ಲಿ ಮುದಿ ದೋಣಿಯವನೆಂದರೆ ಎಲ್ಲರಿಗೂ ಪ್ರಾಣ. "ಅಯ್ಯೋ, ನನ್ನ ಸೊಂಟ ಬಿದ್ದುಹೋಯ್ತಪ್ಪೋ!" ಎಂದು ಮೊದಲ ಭಾನುವಾರ ಅಕ್ಕ ತಮ್ಮನ ದನಿಯಲ್ಲೇ ಗೊಣಗಿದಾಗ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಶತ್ರುಗಳ ಪರವಾಗಿ ಅಕ್ಕ ದಾಳ ಹಾಕುವುದು ಮೇಜಿನ ಮೇಲೆ ನಿಲ್ಲಿಸಿದ ಒಂದು ರಟ್ಟಿನ ಮರೆಯಲ್ಲಿ. ಅಲ್ಲಿ ಬಿದ್ದದ್ದು ಅವಳ ಕಣ್ಣಿಗಷ್ಟೇ. ಆ ಮರೆಯಲ್ಲಿ ಅವಳು ಹೇಳಿದ ಸುಳ್ಳಿಗೆ ಲೆಕ್ಕವಿಲ್ಲ. ಬಾಣ ಗುರಿ ತಪ್ಪುತ್ತಿತ್ತು, ವಿಷ ಹಳಸಿರುತ್ತಿತ್ತು, ಹುಲಿಗೆ ಹಸಿವಿರುತ್ತಿರಲಿಲ್ಲ. ಚಳಿಗಾಲ ಮುಗಿದರೂ ಯಾರ ಮೈಮೇಲೂ ಒಂದು ಗೀರಿಲ್ಲ.

ಅಲ್ಲೇ ಎಡವಟ್ಟಾಯಿತು. ಔಷಧಿ ಅಂಗಡಿಯವನು ಆಟದ ನಡುವೆ ಫೋನು ನೋಡತೊಡಗಿದ. ಟೀಚರಮ್ಮ ಒಂದು ವಾರ ತಲೆನೋವೆಂದಳು, ಮರುವಾರ ನೆಂಟರೆಂದಳು. ಇವರನ್ನು ಉಳಿಸಿಕೊಳ್ಳಲು ಅಕ್ಕ ಇನ್ನಷ್ಟು ನಿಧಿ ಕೊಟ್ಟಳು, ಇನ್ನಷ್ಟು ಕಾಪಾಡಿದಳು.

ಕೊನೆಗೆ ಡ್ರೈವರ್ ಬಾಯಿಬಿಟ್ಟ.

"ಅಕ್ಕ, ಬೇಜಾರು ಮಾಡ್ಕೋಬೇಡಿ. ದಾಳ ಇನ್ನೂ ಉರುಳ್ತಿರುತ್ತೆ, ನೀವಾಗ್ಲೇ ಏನೂ ಆಗ್ಲಿಲ್ಲ ಅಂದುಬಿಡ್ತೀರ."

"ನಿಮಗೇನಾದ್ರೂ ಆಗೋದು ನನಗೆ ಬೇಡಪ್ಪ."

"ನಮಗೆ ಗೊತ್ತಾಗಲ್ವಾ ಅಕ್ಕ? ಆದ್ರೆ ಏನೂ ಆಗಲ್ಲ ಅಂತ ಮೊದಲೇ ಹೇಳ್ಬಿಟ್ರೆ, ನಾವು ಇನ್ನೇನು ಹೇಳೋದಿರುತ್ತೆ ಹೇಳಿ?"

ಅವನು ಹೇಳಿದ್ದು ಆಟದ ಮಾತು. ಅಕ್ಕನಿಗೆ ನೆನಪಾದದ್ದು ಆಸ್ಪತ್ರೆ. ಕೊನೆಯ ಸಂಜೆ ಜ್ವರದಲ್ಲಿ ಸುಡುತ್ತಿದ್ದ ತಮ್ಮ ಅವಳ ಮಣಿಕಟ್ಟು ಹಿಡಿದು, "ಅಕ್ಕ, ಒಂದು ಮಾತು ಹೇಳ್ಬೇಕು" ಎಂದಿದ್ದ. ಅವಳು ಅವನ ಹೊದಿಕೆ ಸರಿಮಾಡುತ್ತಾ, "ಏನೂ ಆಗಲ್ಲ, ಸುಮ್ನೆ ಮಲ್ಕೋ" ಎಂದಿದ್ದಳು. ಹುಟ್ಟಿದಾಗಿನಿಂದ ಅಕ್ಕನ ಮಾತು ಕೇಳದ ತುಂಟ, ಅವತ್ತೊಂದು ದಿನ ಕೇಳಿದ.

ಅಕ್ಕ ರಟ್ಟನ್ನು ಮಡಚಿ ಮೇಜಿನ ಕೆಳಗಿಟ್ಟಳು.

ಆ ಭಾನುವಾರ ಕತೆಯಲ್ಲಿ ನದಿಗೆ ಪ್ರವಾಹ. ದೋಣಿ ವಾಲಿ ಕಳ್ಳಿ ನೀರಿಗೆ ಬಿದ್ದು ಕೊಚ್ಚಿಹೋದಳು. ಟೀಚರಮ್ಮ ಎಷ್ಟೋ ವಾರಗಳ ಮೇಲೆ ಕುರ್ಚಿಯ ತುದಿಗೆ ಬಂದು ಕೂತಿದ್ದಳು.

"ದೋಣಿಯವನು ಏನ್ಮಾಡ್ತಾನೆ, ಅಕ್ಕ?"

ನೀರಿಗೆ ಹಾರುತ್ತಾನೆ, ಇನ್ನೇನು ಮಾಡುತ್ತಾನೆ. ತಮ್ಮನನ್ನು ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಕ್ಕ ಎಲ್ಲರ ಕಣ್ಣೆದುರೇ ದಾಳ ಹಾಕಿದಳು. ಅದು ಉರುಳಿ ಉರುಳಿ ಕತ್ತರಿಗೆ ತಾಗಿ ನಿಂತಿತು. ಒಂದು. ಅದಕ್ಕಿಂತ ಕೆಟ್ಟದ್ದು ಆ ದಾಳದಲ್ಲಿಲ್ಲ. ಅದನ್ನು ತಿರುವಿಹಾಕಲು ಬೆರಳು ತಾನಾಗಿ ಮುಂದೆ ಹೋಯಿತು. ಅವಳು ಕೈಯನ್ನು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡಳು.

"ಒಂದು" ಎಂದಳು.

ಆ ಒಂದು ಬಿದ್ದದ್ದು ದೋಣಿಯವನ ಪಾಲಿಗೆ. ಕಳ್ಳಿ ಬದುಕಿದಳು. ದೋಣಿಯವನು ಅವಳನ್ನು ದಡಕ್ಕೆ ತಳ್ಳಿದ, ತಾನು ಬಂಡೆಗೆ ಬಡಿದುಕೊಂಡ. ಮೂವರೂ ಸೇರಿ ಅವನನ್ನು ಮರಳಿಗೆ ಎಳೆದರು. ಡ್ರೈವರನ ಮಂತ್ರ ಫಲಿಸಲಿಲ್ಲ, ದಾಳ ಅದಕ್ಕೂ ಒಪ್ಪಲಿಲ್ಲ. ಟೀಚರಮ್ಮನ ಕಣ್ಣು ತುಂಬಿತ್ತು. ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಮಾತನ್ನೇ ಅವಳೂ ಹೇಳಿದಳು.

"ಏನೂ ಆಗಲ್ಲ ತಾತ, ಸುಮ್ನೆ ಮಲ್ಕೋ."

"ಆಗುತ್ತೆ ಕಣಮ್ಮ," ಎಂದಳು ಅಕ್ಕ. ದನಿ ದೋಣಿಯವನದು, ತಮ್ಮನದು. "ಆಗ್ತಾ ಇದೆ. ನನ್ನ ಮಲಗಿಸ್ಬೇಡ. ಒಂದು ಮಾತು ಹೇಳ್ಬೇಕು, ಕೇಳಿಸ್ಕೋ."

ಮೂವರೂ ಮೇಜಿನ ಮೇಲೆ ಬಾಗಿದರು. ಅಕ್ಕನ ಬಾಯಿ ತೆರೆದಿತ್ತು. ದೋಣಿಯವನ ಗೊಣಗಾಟ, ಕೆಮ್ಮು, ನಗು ಎಲ್ಲ ಅವಳ ಗಂಟಲಲ್ಲಿದ್ದವು. ಆ ಒಂದು ಮಾತು ಇರಲಿಲ್ಲ. ಆಸ್ಪತ್ರೆಯಲ್ಲೂ ಬಾರದ ಅಳು ಈಗ ಒತ್ತರಿಸಿಕೊಂಡು ಬಂತು.

"ತಾತ ನಿಧಾನಕ್ಕೆ ಹೇಳ್ಲಿ, ಅಕ್ಕ," ಎಂದ ಡ್ರೈವರ್. "ನಾವೆಲ್ಲೂ ಹೋಗಲ್ಲ."

"ಗೊತ್ತಿಲ್ಲ ಕಣೋ," ಎಂದಳು ಅಕ್ಕ, ತನ್ನದೇ ದನಿಯಲ್ಲಿ. "ಅವನು ಅವತ್ತು ಏನು ಹೇಳ್ಬೇಕು ಅಂತಿದ್ನೋ. ನಾನು ಕೇಳಿಸ್ಕೊಳ್ಳಲೇ ಇಲ್ಲ."